ಸಾಲು ಬಿಟ್ಟು ನಡೆದವರು

ಶನಿವಾರ ಪಾಳಿ ಮುಗಿದರೆ ಸಾಕು, ಕಲೋನ್ ನಗರದ ಕೆಲವು ಹುಡುಗರು ಮನೆಗೆ ಓಡಿ ಬಟ್ಟೆ ಬದಲಿಸುತ್ತಿದ್ದರು. ಚೌಕಳಿ ಅಂಗಿ, ಗಾಢ ಬಣ್ಣದ ಚಡ್ಡಿ, ಬಿಳಿ ಕಾಲುಚೀಲ. ಕಾಲರಿನ ಮಡಿಕೆಯ ಹಿಂದೆ, ಕಂಡೂ ಕಾಣದಂತೆ, ಎಡೆಲ್‌ವೈಸ್ ಎಂಬ ಬೆಟ್ಟದ ಬಿಳಿ ಹೂವಿನ ಪುಟ್ಟ ಬಿಲ್ಲೆ. ಹೆಗಲಿಗೆ ಗಿಟಾರು. ರೈನ್ ನದಿಯಾಚೆಯ ಸೀಬೆನ್‌ಗೆಬಿರ್ಗೆ ಬೆಟ್ಟಗಳಿಗೆ ಹೋಗಿ, ರಾತ್ರಿಯೆಲ್ಲ ಹಾಡಿ, ಡೇರೆಯಲ್ಲಿ ಮಲಗಿ, ಭಾನುವಾರ ಊರಿಗೆ ಮರಳುತ್ತಿದ್ದರು. 1940ರ ದಶಕದ ಜರ್ಮನಿಯಲ್ಲಿ ಇದಕ್ಕೆ ಜೈಲು ಕಾದಿತ್ತು.

ಯಾಕೆಂದರೆ ಬೆಟ್ಟ ಹತ್ತಿಸಲು ಸರ್ಕಾರದ್ದೇ ಒಂದು ಸಂಘವಿತ್ತು; ಅದನ್ನು ಬಿಟ್ಟು ಬೇರೆಯಾಗಿ ಅಲೆಯುವಂತಿರಲಿಲ್ಲ.

ಆ ದೇಶದಲ್ಲಿ ಹುಡುಗರ ಅಲೆದಾಟದ ರೂಢಿ ಶುರುವಾದದ್ದು ಆ ಸಂಘಕ್ಕೂ ಬಹಳ ಮೊದಲೇ, ಬರ್ಲಿನ್ ಪಕ್ಕದ ಸ್ಟೆಗ್ಲಿಟ್ಸ್‌ನಲ್ಲಿ. 1896ರಲ್ಲಿ ಹರ್ಮನ್ ಹಾಫ್‌ಮನ್ ಎಂಬ ವಿದ್ಯಾರ್ಥಿ ಅಲ್ಲಿನ ಶಾಲೆಯ ಮಕ್ಕಳಿಗೆ ಶೀಘ್ರಲಿಪಿ ಕಲಿಸುತ್ತಿದ್ದ. ಪಾಠದ ಜೊತೆಗೆ ಅವರನ್ನು ಕಾಡುಮೇಡು ಸುತ್ತಿಸತೊಡಗಿದ. 1901ರ ನವೆಂಬರ್ 4ರಂದು ಕಾರ್ಲ್ ಫಿಶರ್ ಅದಕ್ಕೊಂದು ಸಂಘದ ರೂಪ ಕೊಟ್ಟ. ಹೆಸರು ವಾಂಡರ್‌ಫೋಗೆಲ್, ಅಂದರೆ ವಲಸೆ ಹಕ್ಕಿ. ಅಪ್ಪನ ಅಂಕೆ, ಮೇಷ್ಟರ ಬೆತ್ತ, ನಗರದ ಹೊಗೆ ಎಲ್ಲವನ್ನೂ ಹಿಂದೆ ಬಿಟ್ಟು ನಡೆಯುವ ಖುಷಿಯೇ ಅದರ ಬಂಡವಾಳ. ಹಳೆಯ ಜನಪದ ಹಾಡುಗಳನ್ನು ಕಲೆಹಾಕಿ 1909ರಲ್ಲಿ ಒಂದು ಹಾಡಿನ ಪುಸ್ತಕವನ್ನೂ ತಂದರು. ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ನಡಿಗೆಯ ಮಕ್ಕಳಿಗೆಂದು ತಂಗುದಾಣ ತೆರೆದ; ಇಂದು ಜಗತ್ತಿನಾದ್ಯಂತ ಇರುವ ಯೂತ್ ಹಾಸ್ಟೆಲ್‌ಗಳ ಬೇರು ಅಲ್ಲಿದೆ.

ಸಂಘ ಅಂದಮೇಲೆ ಜಗಳವೂ ಬಂತು. ಫಿಶರನ ದರ್ಪ ಸಹಿಸಲಾಗದೆ 1904ರಲ್ಲೇ ಅದು ಒಡೆಯಿತು. ಹೆಣ್ಣುಮಕ್ಕಳನ್ನು ಸೇರಿಸಬೇಕೇ, ಮದ್ಯ ಕುಡಿಯಬಹುದೇ ಎಂಬ ತಕರಾರಿಗೆ ಇನ್ನಷ್ಟು ಕವಲೊಡೆಯಿತು. ಯಹೂದಿ ಮಕ್ಕಳನ್ನು ಹೊರಗಿಡಬೇಕೆಂಬ ಕೂಗೂ ಎದ್ದದ್ದು ಈ ಇತಿಹಾಸದ ನೋವಿನ ಪುಟ. ಆದರೂ ಆಗ ಒಂದು ಅನುಕೂಲವಿತ್ತು: ಬೇಸರವಾದವನು ಸಂಘ ಬಿಟ್ಟು ತನ್ನ ನಾಲ್ಕು ಗೆಳೆಯರೊಡನೆ ಬೇರೆ ದಾರಿ ಹಿಡಿಯಬಹುದಿತ್ತು.

1933ರಲ್ಲಿ ಆ ಬಾಗಿಲು ಮುಚ್ಚಿತು. ಸ್ವತಂತ್ರ ಯುವಕ ಸಂಘಗಳನ್ನು ನಾಜಿಗಳು ಒಂದೊಂದಾಗಿ ಮುಚ್ಚಿಸಿದರು. ತಂಗುದಾಣಗಳು ಅವರದೇ ಸಂಘವಾದ ಹಿಟ್ಲರ್ ಯುವದಳದ ಪಾಲಾದವು. ಡೇರೆ, ಬೆಂಕಿ, ಹಾಡು ಎಲ್ಲವೂ ಉಳಿದವು, ಜೊತೆಗೆ ಕವಾಯತು ಸೇರಿಕೊಂಡಿತು. 1936ರ ಕಾನೂನು ದೇಶದ ಎಲ್ಲ ಮಕ್ಕಳನ್ನೂ ದಳದ ತೆಕ್ಕೆಗೆ ಸೇರಿಸಿತು. 1939ರ ಮಾರ್ಚ್‌ನಿಂದ 10 ತುಂಬಿದವರಿಂದ ಹಿಡಿದು 18ರವರೆಗಿನವರಿಗೆ ದಳದ ಸೇವೆ ಕಡ್ಡಾಯವಾಯಿತು.

ಶ್ರಮಿಕರ ಮನೆಯ ಹುಡುಗ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಕೆಲಸಕ್ಕೆ ಸೇರುತ್ತಿದ್ದ. ವಾರವಿಡೀ ಮೇಸ್ತ್ರಿಯ ಗದರಿಕೆ ಕೇಳಿದವನಿಗೆ ರಜೆಯ ದಿನವೂ ತನಗಿಂತ ಎರಡು ವರ್ಷ ದೊಡ್ಡವನೊಬ್ಬ ಎಡ-ಬಲ ಕೂಗುವುದನ್ನು ಕೇಳಬೇಕೆಂದರೆ ಹೇಗೆ? ದಳದಲ್ಲಿ ಹುಡುಗ ಹುಡುಗಿಯರು ಬೇರೆ ಬೇರೆ. ಬೀದಿಯ ಗೆಳೆತನದಲ್ಲಿ ಎಲ್ಲರೂ ಒಟ್ಟಿಗೆ. ಹೀಗೆ ಕಲೋನಿನಲ್ಲಿ ‘ನವಾಹೋ’ಗಳು, ಡ್ಯೂಸೆಲ್‌ಡಾರ್ಫ್‌ನಲ್ಲಿ ಅಲ್ಲಿನ ಹಳ್ಳವೊಂದರ ಹೆಸರಿನ ‘ಕಿಟೆಲ್‌ಬಾಖ್ ಕಡಲ್ಗಳ್ಳರು’ ಹುಟ್ಟಿಕೊಂಡರು. ಇಂಥವರನ್ನೆಲ್ಲ ಕಾಲಕ್ರಮದಲ್ಲಿ ‘ಎಡೆಲ್‌ವೈಸ್ ಕಡಲ್ಗಳ್ಳರು’ ಎಂದರು. ಇವರಿಗೆ ಅಧ್ಯಕ್ಷನಿಲ್ಲ, ಹಾಜರಿ ಪುಸ್ತಕವಿಲ್ಲ. ದಳದ ಹಾಡುಗಳ ಮಾತು ಬದಲಿಸಿ ಹಾಡುವುದು, ದಾರಿಯಲ್ಲಿ ಅದರ ಗಸ್ತಿನವರು ಸಿಕ್ಕರೆ ಕೈ ಮಿಲಾಯಿಸುವುದು, ಇಷ್ಟೇ ಇವರ ಕಾರ್ಯಕ್ರಮ.

ಇವರೆಲ್ಲರನ್ನೂ ಕ್ರಾಂತಿಕಾರಿಗಳೆಂದರೆ ಆ ಮಕ್ಕಳಿಗೇ ಅನ್ಯಾಯ. ಬಹುಪಾಲು ಜನಕ್ಕೆ ಬೇಕಾಗಿದ್ದದ್ದು ತಮ್ಮ ಭಾನುವಾರ. ಅಷ್ಟನ್ನೂ ಆ ಪ್ರಭುತ್ವ ಸಹಿಸಲಿಲ್ಲ ಎಂಬುದರಲ್ಲೇ ಅದರ ಭೀಕರತೆ ಕಾಣುತ್ತದೆ. 1942ರ ಡಿಸೆಂಬರಿನಲ್ಲಿ ಡ್ಯೂಸೆಲ್‌ಡಾರ್ಫ್ ಮತ್ತು ಸುತ್ತಲ ಊರುಗಳಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ 28 ಗುಂಪುಗಳನ್ನು ಒಡೆದು 739 ಜನರನ್ನು ಹಿಡಿಯಿತು. ತಲೆ ಬೋಳಿಸಿದರು, ಹೊಡೆದರು, ಕೆಲವರನ್ನು ಮೋರಿಂಗೆನ್‌ನ ಯುವಕರ ಸೆರೆಶಿಬಿರಕ್ಕೆ ಅಟ್ಟಿದರು. ಕೆಲವರು ಆಮೇಲೆ ಕರಪತ್ರ ಹಂಚಿದರು, ಸೈನ್ಯ ಬಿಟ್ಟು ಬಂದವರನ್ನು ಬಚ್ಚಿಟ್ಟರು. 1944ರ ನವೆಂಬರ್ 10ರಂದು ಕಲೋನಿನ ಎರೆನ್‌ಫೆಲ್ಡ್ ರೈಲು ನಿಲ್ದಾಣದ ಬಳಿ, ವಿಚಾರಣೆಯೇ ಇಲ್ಲದೆ, 13 ಜನರನ್ನು ಬಹಿರಂಗವಾಗಿ ನೇಣಿಗೇರಿಸಲಾಯಿತು. ಅವರಲ್ಲಿ ಎಡೆಲ್‌ವೈಸ್ ಗುಂಪಿನ ಬಾರ್ಥೆಲ್ ಶಿಂಕ್‌ಗೆ 16 ವರ್ಷ.

ಯುದ್ಧ ಮುಗಿದ ಮೇಲೂ ದಫ್ತರಗಳಲ್ಲಿ ಅವರು ಅಪರಾಧಿಗಳಾಗಿಯೇ ಉಳಿದರು. ಯಹೂದಿ ನರಮೇಧದ ನೆನಪು ಕಾಯುವ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 1984ರಲ್ಲಿ ಶಿಂಕ್ ಮತ್ತು ಅವನ ಗೆಳೆಯ ಜಾನ್ ಯೂಲಿಷ್ ಇಬ್ಬರನ್ನೂ ಗೌರವಿಸಿತು. ಸ್ವಂತ ಊರಿನ ಆಡಳಿತ ಅವರನ್ನು ಪ್ರತಿರೋಧದ ಹೋರಾಟಗಾರರೆಂದು ಒಪ್ಪಿದ್ದು 2005ರಲ್ಲಿ. ನಿಲ್ದಾಣದ ಪಕ್ಕದ ರಸ್ತೆಗೆ ಈಗ ಶಿಂಕ್‌ನ ಹೆಸರಿದೆ. 2005ರಲ್ಲಿ ಕಲೋನಿನಲ್ಲಿ ಎಡೆಲ್‌ವೈಸ್ ಹೆಸರಿನ ಸಂಗೀತ ಹಬ್ಬವೂ ಶುರುವಾಯಿತು. ಮುಪ್ಪಿನ ಯೂಲಿಷ್ 2011ರಲ್ಲಿ ತೀರಿಕೊಳ್ಳುವ ಮುನ್ನ ಅಲ್ಲಿಗೆ ಬಂದು, ತನ್ನ ಮೊಮ್ಮಕ್ಕಳ ವಯಸ್ಸಿನವರ ಜೊತೆ ನಿಂತು ಆ ಹಳೆಯ ಹಾಡುಗಳನ್ನು ಹಾಡಿದ.