ಕಣ್ಣಿನ ಮೆಲನೋಮಾ ಮತ್ತು ನಿಲ್ಲದ ಪಂಪು

ಪುತ್ತೂರು, ಸುಳ್ಯ, ಕಡಬದ ಕಡೆ ಕಣ್ಣು ಮಂಜಾದರೆ ಮೊದಲು ಪೊರೆ, ಆಮೇಲೆ ಸಕ್ಕರೆ ಕಾಯಿಲೆ ನೆನಪಾಗುತ್ತದೆ. ಕಣ್ಣೊಳಗೆ ಕ್ಯಾನ್ಸರ್ ಇದ್ದೀತೆಂದು ಯಾರಿಗೂ ಹೊಳೆಯದಿರುವುದು ಸಹಜ. ಕಣ್ಣೊಳಗಿನ ಬಣ್ಣದ ಕೋಶಗಳಲ್ಲಿ ಹುಟ್ಟುವ ಈ ಕ್ಯಾನ್ಸರ್, ಅಂದರೆ ಯೂವಿಯಲ್ ಮೆಲನೋಮಾ, ಬಿಳಿಯರಲ್ಲೇ ವರ್ಷಕ್ಕೆ ಹತ್ತು ಲಕ್ಷದಲ್ಲಿ ಸುಮಾರು 5 ಮಂದಿಗೆ ಬರುವಂಥದ್ದು. ಏಷ್ಯಾದವರಲ್ಲಿ ಒಬ್ಬರಿಗೂ ಕಡಿಮೆ. ಆದರೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ದೇಹದಲ್ಲಿ ಹರಡುತ್ತದೆ, ಬಹುಪಾಲು ಲಿವರ್‌ಗೇ.

ಕಣ್ಣು ತೆಗೆದರೆ ಜೀವ ಉಳಿದೀತೆಂದು ಬಹುಕಾಲ ನಂಬಿದ್ದರು. ಮಧ್ಯಮ ಗಾತ್ರದ ಗಡ್ಡೆಗೆ ಕಣ್ಣು ತೆಗೆದರೂ, ಕಣ್ಣಿನ ಹೊರಗೋಡೆಗೆ ವಿಕಿರಣದ ಬಿಲ್ಲೆ ಹೊಲಿದರೂ ಬದುಕುಳಿಯುವವರ ಪ್ರಮಾಣ ಬೇರೆಯಾಗುವುದಿಲ್ಲ ಎಂದು 2001ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಹಾಗಾದರೆ ಸಾವು ಬದುಕು ನಿರ್ಧಾರವಾಗುವುದು ಎಲ್ಲಿ?

ಎಳೆ 1996ರಲ್ಲೇ ಸಿಕ್ಕಿತ್ತು. ಗಡ್ಡೆಯ ಕೋಶಗಳಲ್ಲಿ 3ನೇ ಕ್ರೋಮೋಸೋಮಿನ ಒಂದು ಪ್ರತಿ ಕಳೆದುಹೋದವರಿಗೆ ಅಪಾಯ ಹೆಚ್ಚೆಂದು ಜರ್ಮನಿಯ ಸಂಶೋಧಕರು ಕಂಡರು. 2009ರಲ್ಲಿ ಜಿಎನ್‌ಎಕ್ಯೂ, ಮರುವರ್ಷ ಜಿಎನ್‌ಎ11 ಜೀನ್‌ಗಳ ದೋಷ ಬೆಳಕಿಗೆ ಬಂತು. ತೋಟದ ಪಂಪಿನ ಸ್ಟಾರ್ಟರ್ ಸಿಕ್ಕಿಕೊಂಡು ಆಫ್ ಆಗದೆ ಓಡಿದ ಹಾಗೆ ಇದು. ಕೋಶಕ್ಕೆ ‘ಬೆಳೆ’ ಎಂಬ ಸೂಚನೆ ನಿಲ್ಲುವುದೇ ಇಲ್ಲ. ಆದರೆ ಇದೇ ದೋಷ ಕಣ್ಣಿನ ನಿರುಪದ್ರವಿ ಮಚ್ಚೆಗಳಲ್ಲೂ ಇದೆ. ಕೊಲ್ಲುವುದು ಇದೊಂದೇ ಅಲ್ಲ.

ನನಗೆ ಅತಿ ಮುಖ್ಯವೆನಿಸುವುದು 2010. ಅಮೆರಿಕದ ವಿಲಿಯಂ ಹಾರ್ಬರ್ ತಂಡ, ಹರಡುವ ಸ್ವಭಾವದ 31 ಗಡ್ಡೆಗಳ ಪೈಕಿ 26ರಲ್ಲಿ ಬಿಎಪಿ1 ಜೀನ್ ಕೆಟ್ಟಿರುವುದನ್ನು ಕಂಡಿತು. ಈ ಜೀನಿನ ಪ್ರೋಟೀನು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನಿಗೆ ಅಂಟಿದ ಯುಬಿಕ್ವಿಟಿನ್ ಎಂಬ ಗುರುತನ್ನು ಕಿತ್ತು, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನೋಡಿಕೊಳ್ಳುತ್ತದೆ. ಅದಿಲ್ಲದಾಗ ಬಣ್ಣದ ಕೋಶ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಬಿಎಪಿ1 ಇದೆಯೋ ಇಲ್ಲವೋ ಎಂಬುದು ಸೂಕ್ಷ್ಮದರ್ಶಕದಡಿ ಕಣ್ಣಿಗೇ ಕಾಣುತ್ತದೆ. ಗಡ್ಡೆಯೇ ಕಂದಾದ್ದರಿಂದ ಎಷ್ಟೋ ಲ್ಯಾಬ್‌ಗಳು ಕೆಂಪು ಬಣ್ಣ ಹಾಕುತ್ತವೆ: ಬಿಎಪಿ1 ಇದ್ದರೆ ಕೋಶಕೇಂದ್ರ ಕೆಂಪು, ಇಲ್ಲದಿದ್ದರೆ ಬರೀ ನೀಲಿ.

ಹರಡುವ ಗಡ್ಡೆಗಳಲ್ಲಿ ಜೀನ್‌ಗಳ ಕೆಲಸಕ್ಕೆ ಕಡಿವಾಣ ಹಾಕುವ ಲೆಟ್-7ಬಿಯಂಥ ಮೈಕ್ರೋಆರ್‌ಎನ್‌ಎಗಳು ಏರುಪೇರಾಗುವುದು 2008ರಲ್ಲೇ ತಿಳಿದಿತ್ತು. 2013ರಲ್ಲಿ ಕೆಟ್ಟ ಜೀನ್‌ಗಳ ಪಟ್ಟಿಗೆ ಎಸ್‌ಎಫ್3ಬಿ1, ಇಐಎಫ್1ಎಎಕ್ಸ್ ಸೇರಿದವು. ದೆಹಲಿಯ ಏಮ್ಸ್‌ನ ಸಂಶೋಧಕರು ಭಾರತೀಯರ ಗಡ್ಡೆಗಳಲ್ಲಿ ಎನ್‌ಎಫ್ ಕಪ್ಪಾ-ಬಿ ಎಂಬ ನಿಯಂತ್ರಕವನ್ನು ಪರೀಕ್ಷಿಸಿದ್ದಾರೆ. ಇಂಥ ಕೆಲಸ ನಮಗೆ ತೀರಾ ಬೇಕು. ಏಕೆಂದರೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಬೆಂಟಾಫಸ್ಪ್ ಎಂಬ ಔಷಧ ಕೆಲಸ ಮಾಡುವುದು ಎಚ್‌ಎಲ್‌ಎ-ಎ*02:01 ಎಂಬ ಜೀನ್ ಮಾದರಿ ಇರುವವರಿಗೆ ಮಾತ್ರ. ಅದು ಯುರೋಪಿನವರಲ್ಲಿರುವಷ್ಟು ನಮ್ಮವರಲ್ಲಿಲ್ಲ. ವಿಕಿರಣದ ಬಿಲ್ಲೆಯನ್ನೇನೋ ಮುಂಬೈಯ ಭಾಭಾ ಅಣುಸಂಶೋಧನಾ ಕೇಂದ್ರವೇ ತಯಾರಿಸುತ್ತಿದೆ.

ಸುಳ್ಯದಲ್ಲೇ ಕೆ.ವಿ.ಜಿ. ಮೆಡಿಕಲ್ ಕಾಲೇಜು ಇದೆ. ಮಂಗಳೂರು, ಮಣಿಪಾಲ ದೂರವಿಲ್ಲ. ಕಣ್ಣು ತೆಗೆಸಿಕೊಂಡವರ ಮನೆಯವರು ಗಡ್ಡೆಯ ಚೂರನ್ನು ಕಾಪಿಟ್ಟ ಮೇಣದ ಬ್ಲಾಕ್ ಎಲ್ಲಿದೆಯೆಂದು ಕೇಳಿಕೊಳ್ಳಬೇಕು, ಬಿಎಪಿ1 ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಬೇಕು. ಕೆಲವು ಕುಟುಂಬಗಳಲ್ಲಿ ಬಿಎಪಿ1 ದೋಷ ಹುಟ್ಟಿನಿಂದಲೇ ಬರುತ್ತದೆ. ಅಲ್ಲಿ ಅಣ್ಣತಮ್ಮಂದಿರ, ಅಕ್ಕತಂಗಿಯರ, ಮಕ್ಕಳ ಕಣ್ಣನ್ನೂ ಮದ್ದು ಬಿಟ್ಟು ನೋಡಿಸಬೇಕಾಗುತ್ತದೆ.