ಕಲಿಗಾಲದ ಕೈಪಿಡಿ

ವಾದದಲ್ಲಿ ಗೆಲ್ಲಬೇಕೆನ್ನುವವನು ಎದುರಾಳಿಯ ಮಾತಿಗೆ ಕಿವಿಗೊಡಬೇಕಾಗಿಲ್ಲ, ಥಟ್ಟನೆ ಏನಾದರೊಂದು ಉತ್ತರ ಕೊಟ್ಟರಾಯಿತು ಎಂದು ಕಲಿಸುವ ಗ್ರಂಥವನ್ನು ಯಾರಾದರೂ ಇಂದಿನ ಪುಸ್ತಕದಂಗಡಿಯ ವ್ಯಕ್ತಿತ್ವ ವಿಕಸನದ ಕಪಾಟಿನಲ್ಲಿ ಹುಡುಕಿಯಾರು. ಅದು 17ನೆಯ ಶತಮಾನದ ಮದುರೆಯದು. ಹೆಸರು ‘ಕಲಿವಿಡಂಬನ’; ರಚಿಸಿದವರು ನೀಲಕಂಠ ದೀಕ್ಷಿತರು. ನೂರರ ಆಸುಪಾಸಿನ ಬಿಡಿ ಶ್ಲೋಕಗಳ ಈ ಕಿರುಕೃತಿ ಕಲಿಯುಗದಲ್ಲಿ ಬಾಳಿ ಗೆಲ್ಲುವ ಬಗೆಯನ್ನು ಒಂದೊಂದು ಕಸುಬನ್ನೂ ಹಿಡಿದು ಹೇಳಿಕೊಡುತ್ತದೆ.

ದೀಕ್ಷಿತರಿಗೆ ಕಲಿಯುಗವೆಂಬುದು ಬರಿಯ ಪುರಾಣದ ಮಾತಲ್ಲ, ಪಂಚಾಂಗದ ಲೆಕ್ಕವೂ ಹೌದು. ತಮ್ಮ ‘ನೀಲಕಂಠವಿಜಯ ಚಂಪು’ವಿನ ಕಾಲವನ್ನು ಅವರು ಕಲಿವರ್ಷ 4738 ಎಂದು ಗುರುತಿಸಿದ್ದಾರೆ; ಅಂದರೆ ಕ್ರಿ.ಶ. 1637ರ ಸುಮಾರು. ಆಗ ಮದುರೆಯನ್ನು ಆಳುತ್ತಿದ್ದವನು ತಿರುಮಲ ನಾಯಕ (1623–1659). ವಿಜಯನಗರದ ಅಧೀನರಾಗಿ ದಕ್ಷಿಣಕ್ಕೆ ಹೋದ ನಾಯಕರು ತಾವೇ ಅರಸರಾಗಿ ಬೆಳೆದಿದ್ದ ಕಾಲವದು. ಚೆನ್ನೈಯ ನಮ್ಮ ಗೆಳೆಯರು ಮದುರೆಗೆ ಹೋದಾಗ ನೋಡಿಬರುವ ದಪ್ಪ ಕಂಬಗಳ ಅರಮನೆ ಇವನದೇ. ದೀಕ್ಷಿತರು ಇವನ ಮಂತ್ರಿಯಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ಅಪ್ಪಯ್ಯ ದೀಕ್ಷಿತರ ತಮ್ಮನ ಮೊಮ್ಮಗನಾದ ಅವರಿಗೆ ವಾದಸಭೆಯೆಂದರೆ ಮನೆಯ ಅಂಗಳವಿದ್ದಂತೆ.

ಆದುದರಿಂದಲೇ ಕೃತಿಯ ಆರಂಭ ಗಮನಾರ್ಹವಾದುದು. ಮೊದಲ ಪಾಠ ಜೋಯಿಸನಿಗಲ್ಲ, ವೈದ್ಯನಿಗಲ್ಲ, ಪಂಡಿತನಿಗೆ. ಗೆಲುವಿಗೆ ಸಾಧನಗಳು ಐದು ಎಂದು ಅವರು ಎಣಿಸುತ್ತಾರೆ: ಗಲಿಬಿಲಿಗೊಳ್ಳದಿರುವುದು, ನಾಚಿಕೆ ಬಿಡುವುದು, ಎದುರಾಳಿಯನ್ನು ಕಡೆಗಣಿಸುವುದು, ನಗುವುದು, ಅರಸನನ್ನು ಹೊಗಳುವುದು. ವಿದ್ಯೆ ಈ ಪಟ್ಟಿಯಲ್ಲಿಲ್ಲ. ತೀರ್ಪುಗಾರನು ದಡ್ಡನಾದರೆ ಕೂಗಾಡಿ ಗೆಲ್ಲಬೇಕಂತೆ. ತಿಳಿದವನಾದರೆ ಅವನ ಮೇಲೆ ಪಕ್ಷಪಾತದ ಆರೋಪ ಹೊರಿಸಬೇಕಂತೆ. ಮುಂದೆ ನ್ಯಾಯಶಾಸ್ತ್ರದ ಅನುಮಾನವನ್ನೇ ತಲೆಕೆಳಗು ಮಾಡುತ್ತಾರೆ: ಹೇತುವಿನ ಸ್ಥಾನದಲ್ಲಿ ಲೋಭ, ಸಾಧ್ಯದ ಸ್ಥಾನದಲ್ಲಿ ಹಣ, ದೃಷ್ಟಾಂತಕ್ಕೆ ಪುರೋಹಿತ! ತಮ್ಮ ಕುಲವಿದ್ಯೆಯ ಪರಿಭಾಷೆಯನ್ನೇ ಇಷ್ಟು ನಿರ್ದಯವಾಗಿ ಬಳಸಿದ ಮೇಲೆ ಉಳಿದವರನ್ನು ಗೇಲಿಮಾಡುವ ಹಕ್ಕು ಅವರಿಗೆ ತಾನಾಗಿ ಬಂದಿದೆ.

ಉಳಿದವರಿಗೆ ಕೊಟ್ಟ ಉಪದೇಶದಲ್ಲಿ ಒಂದು ಯಂತ್ರವೇ ಅಡಗಿದೆ. ಆಯುಸ್ಸನ್ನು ಕೇಳಿದ ಯಾರಿಗೂ ಜೋಯಿಸನು ದೀರ್ಘಾಯುಸ್ಸನ್ನೇ ಹೇಳಬೇಕು. ಬದುಕಿದವರು ಮೆಚ್ಚುತ್ತಾರೆ, ಸತ್ತವರು ಬಂದು ಜಗಳಕ್ಕೆ ನಿಲ್ಲುವುದಿಲ್ಲ. ಹುಟ್ಟಲಿರುವ ಮಗುವಿನ ವಿಷಯದಲ್ಲಿ ತಂದೆಗೆ ಗಂಡೆಂದೂ ತಾಯಿಗೆ ಹೆಣ್ಣೆಂದೂ ಹೇಳಿಟ್ಟರೆ ಒಂದು ಮಾತು ನಿಜವಾಗಿಯೇ ತೀರುತ್ತದೆ. ವೈದ್ಯನು ಔಷಧವನ್ನು ಮನಬಂದಂತೆ ಕೊಡಬಹುದು, ಪಥ್ಯವನ್ನು ಮಾತ್ರ ಕಠಿಣವಾಗಿ ವಿಧಿಸಬೇಕು. ರೋಗ ವಾಸಿಯಾದರೆ ಕೀರ್ತಿ ವೈದ್ಯನದು, ಆಗದಿದ್ದರೆ ಪಥ್ಯ ಕೆಡಿಸಿದ ತಪ್ಪು ರೋಗಿಯದು. ಮಾಂತ್ರಿಕನ ಕೆಲಸ ಬೇಗ ಫಲಿಸಿದರೆ ಹೆಸರು. ತಡವಾದರೆ ಇನ್ನಷ್ಟು ಕರ್ಮಾಂಗಗಳಿಗೆ ಇನ್ನಷ್ಟು ಹಣ. ಸೋಲಿಗೆ ಎಡೆಯೇ ಇಲ್ಲದಂತೆ ಕಟ್ಟಿದ ಸಲಹೆಗಳಿವು. ನಮ್ಮ ಕಾಲದ ಯಶಸ್ಸಿನ ಬೋಧಕರೂ ಇದನ್ನೇ ಗಂಭೀರವಾಗಿ ಹೇಳುತ್ತಾರೆ: ಸೂತ್ರ ಫಲಿಸಲಿಲ್ಲವೇ, ನಿಮ್ಮ ನಂಬಿಕೆ ಸಾಲದು.

ಈ ದಾರಿ ದೀಕ್ಷಿತರಿಗಿಂತ ಹಳೆಯದು. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ತನ್ನ ‘ಕಲಾವಿಲಾಸ’ದಲ್ಲಿ ಮೂಲದೇವನೆಂಬ ಧೂರ್ತನಿಂದ ಒಬ್ಬ ವರ್ತಕನ ಮಗನಿಗೆ ಲೋಕದ ವಂಚನೆಗಳನ್ನೆಲ್ಲ ಕಲಿಸಿದ. ಅಲ್ಲಿ ದಂಭನೆಂಬವನು ಬ್ರಹ್ಮನ ತೊಡೆಯನ್ನೇರುವ ಮೊದಲು ಅದಕ್ಕೆ ನೀರು ಚಿಮುಕಿಸಿ ಶುದ್ಧಿ ಮಾಡುವ ಪ್ರಸಂಗವುಂಟು! ಆದರೆ ಅಲ್ಲಿ ವಂಚಕನ ಗುಟ್ಟು ಹೊರಬೀಳುವುದು ಕಥೆಯ ಮೂಲಕ. ದೀಕ್ಷಿತರಲ್ಲಿ ಕಥೆಯಿಲ್ಲ. ಧರ್ಮಶಾಸ್ತ್ರವು ಸ್ನಾನ, ಸಂಧ್ಯೆಗಳನ್ನು ಹೇಳುವ ವಿಧಿರೂಪದಲ್ಲಿಯೇ ‘ಹೀಗೆ ಮಾಡತಕ್ಕದ್ದು’ ಎಂದು ವಂಚಕನಿಗೇ ನೇರವಾಗಿ ಅಪ್ಪಣೆ ಕೊಡುತ್ತಾರೆ. ನಗೆ ಹುಟ್ಟುವುದು ಈ ವ್ಯಾಕರಣದಿಂದ. ಅಳುಕು ಹುಟ್ಟುವುದು ಸಲಹೆಗಳು ನಿಜಕ್ಕೂ ಕೆಲಸ ಮಾಡುತ್ತವೆಂಬ ಅರಿವಿನಿಂದ.

ಎಲ್ಲ ಪದ್ಯಗಳೂ ಒಂದೇ ತೂಕದವಲ್ಲ. ಹೆಂಡತಿ, ಅವಳ ತವರಿನವರು, ಅಳಿಯಂದಿರು ಇವರನ್ನು ಕುರಿತ ಗೇಲಿ ಇಂದು ಸವಕಲೆನಿಸುತ್ತದೆ, ಅಂದೂ ಹೊಸದಾಗಿರಲಾರದು. ಸಾಲ ಕೊಟ್ಟವನ ಪ್ರಸ್ತಾಪ ಬಂದೊಡನೆ ಮಾತು ಮತ್ತೆ ಹರಿತವಾಗುತ್ತದೆ. ಯಮನಾದರೂ ಕಾಲ ಕೂಡಿ ಬರುವವರೆಗೆ ಕಾಯುತ್ತಾನೆ, ಸಾಲಗಾರನ ಬಾಗಿಲು ತಟ್ಟಲು ಧನಿಗೆ ಹೊತ್ತುಗೊತ್ತಿಲ್ಲ ಎಂಬಲ್ಲಿ ಉಪದೇಶ ನಿಂತು ಅನುಭವ ಮಾತನಾಡುತ್ತದೆ. ಮುಂಬಯಿಯಲ್ಲಿ ಮನೆಸಾಲದ ಕಂತು ಕಟ್ಟುವವರಿಗೆ ಇದಕ್ಕೆ ಭಾಷ್ಯ ಬೇಕಿಲ್ಲ.

ಅರಸನ ಸಂಶಯಕ್ಕೆ ಗುರಿಯಾದ ದೀಕ್ಷಿತರು ಶಿಕ್ಷೆ ಬರುವ ಮೊದಲೇ ತಮ್ಮ ಕಣ್ಣುಗಳನ್ನು ತಾವೇ ಕಳೆದುಕೊಂಡರೆಂದೂ, ‘ಆನಂದಸಾಗರಸ್ತವ’ದಿಂದ ಮೀನಾಕ್ಷಿಯನ್ನು ಸ್ತುತಿಸಿ ಮರಳಿ ಪಡೆದರೆಂದೂ ಐತಿಹ್ಯವಿದೆ. ಅದು ಇತಿಹಾಸವಲ್ಲ, ಆದರೆ ಗೆಲುವಿನ ಸಾಧನಗಳಲ್ಲಿ ರಾಜಸ್ತುತಿಯನ್ನು ಸೇರಿಸಿದವರ ಸುತ್ತ ಜನ ಇಂತಹ ಕಥೆಯನ್ನೇ ಹೆಣೆದರೆಂಬುದು ಸೋಜಿಗ. ಮೀನಾಕ್ಷಿಗೆ ಅಷ್ಟು ಆರ್ತರಾಗಿ ಮೊರೆಯಿಟ್ಟ ಕವಿ ‘ಕಲಿವಿಡಂಬನ’ದ ಕೊನೆಯಲ್ಲಿ ಧರ್ಮವನ್ನು ಹಣದ ದಾರಿಯಾಗಿಸಿದ ಕಲಿಪುರುಷನಿಗೇ, ಅವನ ಹೆಸರಿನ ಹಿಂದೆ ‘ಶ್ರೀ’ಕಾರ ಸೇರಿಸಿ, ನಮಸ್ಕರಿಸುತ್ತಾರೆ.