ನೂರೈವತ್ತು ರೂಪಾಯಿಯ ತೋಪು, ಹನ್ನೊಂದು ಟನ್ನಿನ ಡಬ್ಬಿ

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ನೋಡದವರು ಯಾರದೋ ಶಾಲಾ ಪ್ರವಾಸದ ಫೋಟೋದಲ್ಲಾದರೂ ಕಂಡಿರುತ್ತೀರಿ. ಸುಮಾರು 55 ಟನ್ ತೂಕ. ಬಾಯಿ ತೆರೆದ ಸಿಂಹದ ಮುಖ. ಇಂಥ ತೋಪನ್ನು 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಹಳೇ ಲೋಹದ ಲೆಕ್ಕದಲ್ಲಿ ಹರಾಜಿಗೆ ಇಟ್ಟಿದ್ದರು. ಬಂದ ಅತಿ ದೊಡ್ಡ ಸವಾಲು ಎಷ್ಟು ಗೊತ್ತೆ? ನೂರೈವತ್ತು ರೂಪಾಯಿ! ಇಷ್ಟು ಕಡಿಮೆಗೆ ಕೊಡುವುದು ಬೇಡ ಎಂದು ಸಹಾಯಕ ಕಮಿಷನರ್ ಹರಾಜನ್ನೇ ರದ್ದು ಮಾಡಿದರು. ಹಾಗಾಗಿ ತೋಪು ಇವತ್ತಿಗೂ ಬುರುಜಿನ ಮೇಲಿದೆ.

ಈ ಕಥೆ ಹೇಳುವವರೆಲ್ಲ "ನೋಡಿ, ನಮ್ಮವರಿಗೆ ಇತಿಹಾಸದ ಬೆಲೆ ಗೊತ್ತಿರಲಿಲ್ಲ" ಅಂತ ಮುಗಿಸಿಬಿಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಸವಾಲು ಕೂಗಿದವನು ಪಕ್ಕಾ ವ್ಯಾಪಾರಿ. ಕಂಚಿನ ಬೆಲೆ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಅದರ ಜೊತೆಗೆ ಇನ್ನೊಂದು ಲೆಕ್ಕವೂ ಗೊತ್ತಿತ್ತು ಅಂತ ನನ್ನ ಊಹೆ: ಇದನ್ನು ಬುರುಜಿನಿಂದ ಇಳಿಸೋದು ಹ್ಯಾಂಗ, ಒಯ್ಯೋದು ಹ್ಯಾಂಗ, ಯಾವ ಗಾಡಿಯಲ್ಲಿ? ಆ ಖರ್ಚು ಕಳೆದ ಮೇಲೆ ಉಳಿದದ್ದು ನೂರೈವತ್ತು. ಇದಕ್ಕೂ ಮೂವತ್ತು ವರ್ಷ ಹಿಂದೆ, 1823ರಲ್ಲಿ, ಮುಂಬಯಿ ಸರಕಾರಕ್ಕೆ ಈ ತೋಪನ್ನು ಇಂಗ್ಲೆಂಡಿನ ರಾಜನಿಗೆ ಕಾಣಿಕೆ ಕಳಿಸುವ ಮನಸ್ಸಾಗಿತ್ತು. ಸಮುದ್ರದ ದಂಡೆಯವರೆಗೆ ಒಯ್ಯುವ ರಸ್ತೆ ಇರಲಿಲ್ಲ, ಕೈಬಿಟ್ಟರು. ಒಂದು ಸಾಮ್ರಾಜ್ಯಕ್ಕೇ ಆಗದ ಕೆಲಸವನ್ನು ಒಬ್ಬ ಮೋಡಕಾ ವ್ಯಾಪಾರಿ ಎಷ್ಟು ರೂಪಾಯಿಗೆ ಒಪ್ಪಿಕೊಳ್ಳಬೇಕಿತ್ತು, ಹೇಳಿ?

ಇದನ್ನು ಈಗ ಯಾಕೆ ತೆಗೆದೆ ಅಂದರೆ, ತಿಕೋಟಾದಲ್ಲಿರುವ ನನ್ನ ಸೋದರಳಿಯ ಫೋನು ಮಾಡಿ ಒಂದು ಪ್ರಶ್ನೆ ಕೇಳಿದ. "ಮಾಮಾ, ಮನಿ ಕೆಡವಿದ್ದು ಕಲ್ಲು ಮಣ್ಣು ತುಂಬಾಕ ಡಬ್ಬಿ ಬಾಡಿಗಿ ಕೊಡೋ ಧಂದೆ ಮಾಡಬೇಕಂತೀನಿ. ಅಮೇರಿಕಾದಾಗ ರೋಲ್-ಆಫ್ ಟ್ರೇಲರ್ ಅಂತ ಇರ್ತಾವು. ಯಾವುದು ತಗೊಂಡ್ರ ಚಲೋ?" ದುಡ್ಡು ಎಲ್ಲಿಂದ ಅಂದೆ. ದ್ರಾಕ್ಷಿ ತೋಟದ ಮೇಲೆ ಸಾಲ ಅಂದ. ಅಲ್ಲಿಗೆ ಇದು ಬರೀ ಹರಟೆ ಅಲ್ಲ ಅಂತಾಯ್ತು. ನಾನೇನು ಗಾಡಿ ಪಂಡಿತನಲ್ಲ. ನನಗೆ ಗೊತ್ತಿರುವುದು ಹಳೇ ಕಥೆಗಳು. ಆದರೆ ಹೇರು ಸಾಗಿಸುವ ವಿಷಯದಲ್ಲಿ ನಮ್ಮ ಜಿಲ್ಲೆಯ ಇತಿಹಾಸ ಕಲಿಸುವಷ್ಟು ಯಾವ ಕಂಪನಿಯ ಕ್ಯಾಟಲಾಗೂ ಕಲಿಸುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ :)

ಮೊದಲು ತೋಪು ಬಂದ ಬಗೆ ನೋಡೋಣ. ಇದನ್ನು ಎರಕ ಹೊಯ್ದದ್ದು ಅಹಮದನಗರದಲ್ಲಿ, 1549ರಲ್ಲಿ. ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ. ಆಮೇಲೆ ಪರಾಂಡಾ ಕೋಟೆಯಲ್ಲಿತ್ತು. ಅಲ್ಲಿಂದ 1632ರಲ್ಲಿ ಮುರಾರಿ ಪಂಡಿತ ವಿಜಯಪುರಕ್ಕೆ ತರಿಸಿದ. 400 ಎತ್ತು, 10 ಆನೆ, ನೂರಾರು ಆಳು ಹತ್ತಿದವು ಅಂತ ಹೇಳುತ್ತಾರೆ. ದಾರಿಯಲ್ಲಿ ಭೀಮಾ ಹೊಳೆ ದಾಟಲೇಬೇಕು. ಇದರ ಜೋಡಿ ತೋಪೊಂದು ಹೊಳೆಯಲ್ಲಿ ಮುಳುಗಿಹೋಯಿತು ಎಂಬ ಮಾತೂ ಇದೆ. ಈಗ ಒಂದು ಸಣ್ಣ ಲೆಕ್ಕ ಹಾಕಿ. ಆನೆಗಳನ್ನು ಬಿಟ್ಟೇಬಿಡಿ. 55 ಟನ್ನನ್ನು 200 ಜೋಡಿ ಎತ್ತಿಗೆ ಹಂಚಿದರೆ ಒಂದು ಜೋಡಿಗೆ ಬರುವುದು ಕೇವಲ 275 ಕಿಲೋ. ಇವತ್ತು ಡಾಂಬರು ರಸ್ತೆಯ ಮೇಲೆ ಡನ್‌ಲಪ್ ಗಾಡಿ ಕಟ್ಟಿದ ಜೋಡಿ ಒಂದು ಟನ್ನಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಅದೇ ಎತ್ತಿನ ಜಾತಿ, ಅದೇ ನೊಗ! ಬದಲಾದದ್ದು ಗಾಲಿ ಮತ್ತು ರಸ್ತೆ ಮಾತ್ರ. ಟ್ರೇಲರ್ ಖರೀದಿಗೆ ಹೋದವರು ಎಂಜಿನ್ನಿನ ಎಚ್‌ಪಿ ಮೊದಲು ಕೇಳುತ್ತಾರೆ, ಗಾಲಿಯ ಮಾತು ಕೊನೆಗೆ. ಇದು ತಿರುವುಮುರುವು ಆಗಬೇಕು.

ಗಾಲಿಯ ಕಥೆಯೂ ನಮ್ಮ ನೆರೆಯಲ್ಲೇ ನಡೆದದ್ದು. ಹತ್ತೊಂಬತ್ತನೇ ಶತಮಾನದ ಆರಂಭದವರೆಗೆ ಈ ಸೀಮೆಯಲ್ಲಿ ದೂರದ ಸರಕು ಗಾಡಿಯ ಮೇಲಲ್ಲ, ಎತ್ತಿನ ಬೆನ್ನ ಮೇಲೆ ಹೋಗುತ್ತಿತ್ತು. ಲಂಬಾಣಿಗರ ಹೇರೆತ್ತುಗಳ ಸಾಲು ಅಂದರೆ ಅಂದಿನ ಗೂಡ್ಸ್ ರೈಲು. ಗಾಡಿಗಳು ಇದ್ದವು, ಆದರೆ ಇಡೀ ಮರದ ದಿಮ್ಮಿಯ ಗಾಲಿ, ಕೆಲವೆಡೆ ಕಲ್ಲಿನ ಗಾಲಿ ಅಂತ ಬ್ರಿಟಿಷರ ಗೆಜೆಟಿಯರುಗಳು ಹೇಳುತ್ತವೆ. ಊರಿನ ಸುತ್ತ ಗೊಬ್ಬರ ಸಾಗಿಸಲಿಕ್ಕಷ್ಟೇ ಲಾಯಕ್ಕು. 1830ರ ದಶಕದಲ್ಲಿ ಗೈಸ್‌ಫೋರ್ಡ್ ಎಂಬ ಲೆಫ್ಟಿನೆಂಟ್, ಭೂಮಾಪನ ಇಲಾಖೆಯಲ್ಲಿದ್ದವನು, ಸೋಲಾಪುರ ಜಿಲ್ಲೆಯ ಟೆಂಭುರ್ಣಿಯಲ್ಲಿ ಹಗುರ ಗಾಡಿ ಮಾಡುವ ಕಾರ್ಖಾನೆ ಹಾಕಿಸಿದ. ಅರೆಕಾಲು ಜೋಡಿಸಿದ ಗಾಲಿ, ಸುತ್ತ ಕಬ್ಬಿಣದ ಹಳಿ. ನಾವು "ನಮ್ಮ ಅಜ್ಜನ ಕಾಲದ ಚಕ್ಕಡಿ" ಅಂತ ಅಂಗಳದಲ್ಲಿ ನಿಲ್ಲಿಸಿ ಪೂಜೆ ಮಾಡುವ ಗಾಡಿಗೂ ಆ ಗಾಡಿಗೂ ನೆಂಟಸ್ತನ ಹತ್ತಿರದ್ದೇ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1884ರಲ್ಲಿ ಹೋಟಗಿ-ಗದಗ ರೈಲು ಬಂತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು, ಪಾಳುಬಿದ್ದ ಮಹಲುಗಳಲ್ಲಿ ಕಚೇರಿಗಳು ಕೂತವು. ಆಮೇಲೆ ರಬ್ಬರ್ ಗಾಲಿಯ ಗಾಡಿ; ಟಾಯರ್ ಯಾವ ಕಂಪನಿಯದಾದರೂ ಹೆಸರು ಡನ್‌ಲಪ್ಪೇ. ಆಮೇಲೆ ಟ್ರ್ಯಾಕ್ಟರು, ಅದರ ಹಿಂದೆ ಟ್ರೇಲರು. ಏತ ನೀರಾವರಿಯ ನೀರು ಹರಿದ ಮೇಲೆ ಬಬಲೇಶ್ವರದ ಕಡೆ ಕಬ್ಬು, ತಿಕೋಟಾದ ಕಡೆ ದ್ರಾಕ್ಷಿ ಹೆಚ್ಚಿದವು. 2018ರ ಸುಮಾರಿಗೆ ಎರಡೂ ಊರು ತಾಲೂಕು ಕೇಂದ್ರಗಳಾದವು. ಕೈಯಲ್ಲಿ ದುಡ್ಡು ಬಂದಾಗ ನಮ್ಮ ಜನ ಮಾಡುವ ಮೊದಲ ಕೆಲಸ ಯಾವುದು? ಹಳೇ ಮಾಳಿಗೆ ಮನೆ ಕೆಡವಿ ಸ್ಲ್ಯಾಬು ಹಾಕೋದು! ಹುಡುಗನ ತಲೆಗೆ ಡಬ್ಬಿ ಧಂದೆ ಹೊಳೆದದ್ದು ಸುಮ್ಮನೆ ಅಲ್ಲ.

ಇನ್ನು ಡಬ್ಬಿಗೆ ಬರೋಣ. ಇಂಗ್ಲಿಷಿನ 'ಡಂಪ್‌ಸ್ಟರ್' ಎಂಬ ಶಬ್ದ ಒಬ್ಬ ಮನುಷ್ಯನ ಅಡ್ಡಹೆಸರಿನಿಂದ ಬಂದದ್ದು. ಅಮೇರಿಕಾದ ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಜಾರ್ಜ್ ಡೆಂಪ್‌ಸ್ಟರ್ ಅಂತ ಒಬ್ಬ ಗುತ್ತಿಗೆದಾರ, ಮುಂದೆ ಅದೇ ಊರಿನ ಮೇಯರೂ ಆದ. ತುಂಬುವ ಹೊತ್ತಿನಲ್ಲಿ ಲಾರಿ, ಡ್ರೈವರ್ ಇಬ್ಬರೂ ಸುಮ್ಮನೆ ನಿಲ್ಲೋದು ದಂಡ. ಡಬ್ಬಿಯನ್ನು ಬಿಟ್ಟು ಲಾರಿ ಬೇರೆ ಕೆಲಸಕ್ಕೆ ಹೋಗಲಿ, ತುಂಬಿದ ಮೇಲೆ ಬಂದು ಎತ್ತಿಕೊಳ್ಳಲಿ. ಇದೇ ವಿಚಾರದ ಮೇಲೆ 1930ರ ದಶಕದಲ್ಲಿ ಅವನೂ ಅವನ ಅಣ್ಣತಮ್ಮಂದಿರೂ 'ಡೆಂಪ್‌ಸ್ಟರ್-ಡಂಪ್‌ಸ್ಟರ್' ಯಂತ್ರ ಮಾಡಿದರು. ವಿಚಾರ ಅದ್ಭುತವಾದದ್ದೇ. ಆದರೆ ಅದರ ಲಾಭ ಎಲ್ಲಿ? ಕಾಯುವ ಲಾರಿಯ ಬಾಡಿಗೆ, ಡ್ರೈವರನ ಪಗಾರ ತುಟ್ಟಿ ಇರುವಲ್ಲಿ. ನಮ್ಮಲ್ಲಿ ಟ್ರೇಲರಿನ ಕೊಂಡಿ ಬಿಚ್ಚಿ ಮನೆ ಮುಂದೆ ನಿಲ್ಲಿಸಿ ಟ್ರ್ಯಾಕ್ಟರನ್ನು ಹೊಲಕ್ಕೆ ಒಯ್ಯುವುದು ಮೊದಲಿನಿಂದಲೂ ಇದೆ. ಡೆಂಪ್‌ಸ್ಟರನ ಅರ್ಧ ಯುಕ್ತಿ ನಮ್ಮ ರೈತರಿಗೆ ಗೊತ್ತಿರುವುದೇ! ಹಾಗಾಗಿ ಹೊಸ ಯಂತ್ರದಿಂದ ಹೆಚ್ಚಿಗೆ ಬರುವ ಲಾಭ ಉಳಿದರ್ಧದ್ದು ಮಾತ್ರ: ಒಂದೇ ಗಾಲಿ-ಅಚ್ಚಿಗೆ ನಾಲ್ಕು ಡಬ್ಬಿ ದುಡಿಸಬಹುದು ಅನ್ನೋದು. ನಾಲ್ಕು ಡಬ್ಬಿಗೆ ಗಿರಾಕಿ ಇಲ್ಲದಿದ್ದರೆ ಆ ಅರ್ಧವೂ ಇಲ್ಲ.

ತೂಕದ ಮಾತು ಇನ್ನೂ ಮುಖ್ಯ. ಅಮೇರಿಕಾದಲ್ಲಿ ಡಬ್ಬಿ ಅಳೆಯುವುದು ಘನ ಗಜದಲ್ಲಿ: 10, 20, 30, 40. ನಮ್ಮಲ್ಲಿ ಉಸುಕು, ಗರ್ಸು ಎಲ್ಲ ಬ್ರಾಸಿನ ಲೆಕ್ಕ. ಒಂದು ಬ್ರಾಸು ಅಂದರೆ 100 ಘನ ಅಡಿ. ಅವರ ಚಿಕ್ಕ ಡಬ್ಬಿ, 10 ಗಜದ್ದು, 270 ಘನ ಅಡಿ, ಅಂದರೆ ಎರಡೂಮುಕ್ಕಾಲು ಬ್ರಾಸಿಗೆ ಸ್ವಲ್ಪ ಕಮ್ಮಿ. ಅಲ್ಲಿ ಮನೆ ಕೆಡವಿದರೆ ಬರುವುದು ಬಹಳಷ್ಟು ಕಟ್ಟಿಗೆ, ಹಲಗೆ. ಇಲ್ಲಿ ಬರುವುದು ಕರಿಕಲ್ಲು ಮತ್ತು ಮಾಳಿಗೆಯ ಮಣ್ಣು. ಘನ ಮೀಟರಿಗೆ ಒಂದೂವರೆ ಟನ್ ಅಂತ ಹಿಡಿದರೂ ಆ 'ಚಿಕ್ಕ' ಡಬ್ಬಿ ತುಂಬಿದಾಗ ಹನ್ನೊಂದು ಟನ್ ದಾಟುತ್ತದೆ, ಡಬ್ಬಿಯ ತೂಕ ಬೇರೆ! ನಮ್ಮ ಸಾದಾ ಟ್ರೇಲರು, 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ್ದು, 120 ಘನ ಅಡಿ, ಐದು ಟನ್ನಿನಷ್ಟು. ಟ್ರ್ಯಾಕ್ಟರಿನ ಹಿಂದೆ ಎಳೆಯುವುದಾದರೆ ಡಬ್ಬಿಯೂ ಇದೇ ಅಳತೆಯ ಆಸುಪಾಸಿನಲ್ಲಿರಬೇಕು. ದೊಡ್ಡದು ಕೊಟ್ಟರೆ ಗಿರಾಕಿ ಅರ್ಧ ತುಂಬಿ ಬಿಡುತ್ತಾನೆಯೇ? ಕಂಠಮಟ ತುಂಬಿ ಮೇಲೊಂದು ಗುಡ್ಡೆ ಹಾಕುತ್ತಾನೆ. ಹೆಚ್ಚಿನ ಟ್ರೇಲರಿಗೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಹೇರು ಟ್ರ್ಯಾಕ್ಟರನ್ನೇ ನೂಕುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡು ಹೋಗುವ ಗಾಡಿಗಳ ಹಿಂದೆ ಬೈಕು ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೇ ಮನೆಯೊಂದರಲ್ಲಿ ಎಷ್ಟು ಬ್ರಾಸು ಬರುತ್ತದೆ ಅನ್ನುವುದನ್ನೂ ನೋಡಿಬಿಡಿ. 20ಕ್ಕೆ 30 ಅಡಿ ಮನೆ, 10 ಅಡಿ ಎತ್ತರ, ಎರಡಡಿ ದಪ್ಪದ ಗೋಡೆ: ಸುಮಾರು 2,000 ಘನ ಅಡಿ, 20 ಬ್ರಾಸು. ಮೇಲೆ ಒಂದಡಿ ಮಣ್ಣಿನ ಮಾಳಿಗೆ, ಇನ್ನಾರು ಬ್ರಾಸು. ಒಳ್ಳೆ ಕಲ್ಲು, ತೊಲೆ, ಜಂತಿ, ಬಾಗಿಲನ್ನು ಮಾಲೀಕ ಮಾರಿಕೊಳ್ಳುತ್ತಾನೆ. ಈ ಊರಿನಲ್ಲಿ ಅದೂ ಹಳೇ ಪದ್ಧತಿಯೇ. ಆದಿಲ್‌ಶಾಹಿ ಅರಮನೆಗಳ ಕಟ್ಟಿಗೆಯನ್ನು ಮರಾಠರ ಕಾಲದಲ್ಲಿ ಕಿತ್ತು ಒಯ್ದರು. ಉಳಿದ ಹತ್ತು-ಹದಿನೈದು ಬ್ರಾಸು ನಮ್ಮ ಹುಡುಗನ ಪಾಲು.

ಈಗ ಯಾವ ನಮೂನೆ ಅನ್ನುವ ಪ್ರಶ್ನೆ. ರೋಲ್-ಆಫ್ ಅಂದರೆ ಗಾಡಿಯ ಹಾಸು ಹಿಂದಕ್ಕೆ ವಾಲಿ, ಡಬ್ಬಿ ಜಾರಿ ನೆಲಕ್ಕೆ ಇಳಿಯುವುದು. ಮತ್ತೆ ಕೊಕ್ಕೆ ಅಥವಾ ತಂತಿಹಗ್ಗ ಹಾಕಿ ಮೇಲೆಳೆದುಕೊಳ್ಳುವುದು. ಇದಕ್ಕೆ ಗಾಡಿಯ ಹಿಂದೆ ನೆಟ್ಟಗೆ ಡಬ್ಬಿಯಷ್ಟೇ ಉದ್ದದ ಖಾಲಿ ಜಾಗ ಬೇಕು. ವಿಜಯಪುರದ ಕೋಟೆಯೊಳಗಿನ ಓಣಿಗಳನ್ನು ಒಮ್ಮೆ ನೆನೆಸಿಕೊಳ್ಳಿ! ನಗರಸಭೆಗಳು ಬಹಳ ವರ್ಷ ಬಳಸಿದ ಡಂಪರ್ ಪ್ಲೇಸರ್ ಬೇರೆ ಜಾತಿ: ಎರಡು ತೋಳು, ಸರಪಳಿ, ಡಬ್ಬಿಯನ್ನು ಎತ್ತಿ ಬೆನ್ನ ಮೇಲೆ ಇಟ್ಟುಕೊಳ್ಳುತ್ತದೆ. ಟ್ರ್ಯಾಕ್ಟರಿಗೆ ಜೋಡಿಸುವ ನಮೂನೆಯೂ ಉಂಟು. ಡಬ್ಬಿ ಗಿಡ್ಡ, ಓಣಿಗೆ ವಾಸಿ. ಹೊಸ ಬಡಾವಣೆ, ತಿಕೋಟಾದ ತೋಟದ ಮನೆಗಳಿಗೆ ಮಾತ್ರ ಆದರೆ ರೋಲ್-ಆಫ್ ನಡೆದೀತು.

ಮತ್ತೊಂದು ಅಪಾಯ ಇದೆ, ಅದು ಹಳೇ ಚಕ್ಕಡಿ ಹೊಡೆದವರಿಗೆ ತಟ್ಟನೆ ಹೊಳೆಯುತ್ತದೆ. ಮುಂಭಾರ ಆದರೆ ಎತ್ತಿನ ಹೆಗಲು ಹೋಗುತ್ತದೆ, ಹಿಂಭಾರ ಆದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಎರಡು ಗಾಲಿಯ ರೋಲ್-ಆಫ್ ಟ್ರೇಲರು ತುಂಬಿದ ಡಬ್ಬಿಯನ್ನು ಎಳೆದುಕೊಳ್ಳುವ ಮೊದಲ ಗಳಿಗೆಯಲ್ಲಿ ಪೂರ್ತಿ ಹಿಂಭಾರ! ಮೂಕಿ ಮೇಲೇಳುತ್ತದೆ, ಟ್ರ್ಯಾಕ್ಟರಿನ ಹಿಂದಿನ ಗಾಲಿ ನೆಲದ ಹಿಡಿತ ಬಿಡುತ್ತದೆ. ಆದ್ದರಿಂದ ಹಿಂದೆ ನೆಲಕ್ಕೆ ಊರುವ ಕಾಲು ಇಲ್ಲದ, ಕೊಂಡಿಗೆ ಭದ್ರವಾದ ಪಿನ್ನು ಇಲ್ಲದ ಟ್ರೇಲರನ್ನು ಎಷ್ಟೇ ಸೋವಿಗೆ ಕೊಟ್ಟರೂ ಮುಟ್ಟಬಾರದು. ಜೊತೆಗೆ ಎರಡು ಅಚ್ಚು, ನಾಲ್ಕು ಗಾಲಿ ಇದ್ದರೆ ಒಳ್ಳೆಯದು. ಸಾರವಾಡದ ಕಡೆಯ ಡೋಣಿ ಸಾಲಿನ ಎರೆ ನೆಲದಲ್ಲಿ ಮಳೆ ಬಿದ್ದ ಮೇಲೆ ಸಣ್ಣ ಗಾಲಿ ಅಚ್ಚಿನಮಟ ಹೂಳುತ್ತದೆ. ಅಲ್ಲಿ ಅಗಲ ಟಾಯರೇ ಗತಿ. ಹಸಿ ಎರೆಮಣ್ಣು ಡಬ್ಬಿಯ ತಳಕ್ಕೆ ಅಂಟಿ ಕೂತರೆ ಎಷ್ಟು ಎತ್ತಿದರೂ ಜಾರುವುದಿಲ್ಲ, ಅದೂ ನೆನಪಿರಲಿ.

ಕಾಗದಪತ್ರದ ಕಡೆ ನಮ್ಮವರದು ಸದಾ ಉದಾಸೀನ. ಮೋಟಾರು ವಾಹನ ಕಾಯ್ದೆ, 1988ರಲ್ಲಿ ಟ್ರೇಲರು ಪ್ರತ್ಯೇಕ ವಾಹನ. ಅದಕ್ಕೆ ಬೇರೆ ನೋಂದಣಿ. ಒಕ್ಕಲುತನಕ್ಕೆ ಅಂತ ನೋಂದಾಯಿಸಿದ ಟ್ರೇಲರಿನಲ್ಲಿ ಬಾಡಿಗೆ ಹೇರು ಹೊತ್ತಾಗ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಇಂಥ ಜಗಳಗಳು ಕೋರ್ಟುಗಳಲ್ಲಿ ಬೇಕಾದಷ್ಟಿವೆ. ತೋಟ ಒತ್ತೆ ಇಟ್ಟವನಿಗೆ ಇದು ಹೈಡ್ರಾಲಿಕ್ ಜಾಕಿಗಿಂತ ದೊಡ್ಡ ವಿಷಯ.

ಕೊನೆಗೆ, ಅಥವಾ ಮೊದಲಿಗೆ ಅನ್ನಿ: ತುಂಬಿದ ಡಬ್ಬಿಯನ್ನು ಎಲ್ಲಿ ಸುರಿಯೋದು? ಕೋಟೆಯ ಕಂದಕ, ಹಳೇ ಬಾವಡಿಗಳು ಎಷ್ಟೋ ದಶಕ ಊರಿನ ಕಸದ ಡಬ್ಬಿಗಳಾಗಿದ್ದವು. ಇಬ್ರಾಹಿಂ ಆದಿಲ್‌ಶಾಹನ ಕಾಲದ ತಾಜ್ ಬಾವಡಿಯ ಹೂಳನ್ನೇ ನಮ್ಮ ಕಾಲದಲ್ಲಿ ಖರ್ಚು ಮಾಡಿ ಎತ್ತಿಸಬೇಕಾಯಿತು. ಒಬ್ಬರು ಟ್ರೇಲರು ಹಿಂದಕ್ಕೆ ತಂದು ಸುರಿದದ್ದನ್ನು ಇನ್ನೊಬ್ಬರು ಕ್ರೇನು ಹಚ್ಚಿ ತೆಗೆಯುವುದು! ಕಟ್ಟಡದ ಭಗ್ನಾವಶೇಷಕ್ಕೆ ಅಂತ ದೇಶದಲ್ಲಿ ಪ್ರತ್ಯೇಕ ನಿಯಮ ಬಂದದ್ದೇ 2016ರಲ್ಲಿ. 2025ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಗಳು ಪ್ರಕಟವಾದವು. ಹಾಗಾಗಿ ಹುಡುಗನಿಗೆ ಹೇಳಿದ್ದೇನೆ: ಮೊದಲು ಪಾಲಿಕೆಗೆ ಹೋಗಿ ಸುರಿಯುವ ಜಾಗ ಯಾವುದು ಅಂತ ಕೇಳಿ ಬರೆಸಿಕೋ, ಅಲ್ಲಿಗೆ ಎಷ್ಟು ಕಿಲೋಮೀಟರು ಅಂತ ನೋಡು. ಆಮೇಲೆ ತಗ್ಗಿನ ಹೊಲಕ್ಕೆ, ಮನೆಯ ಬುನಾದಿಗೆ ಭರ್ತಿ ಬೇಕಾದವರ ಹೆಸರು ಬರೆದುಕೋ. ಕೆಡವಿದವನ ಹತ್ತಿರ ಬಾಡಿಗೆ, ತುಂಬಿಸಿಕೊಳ್ಳುವವನ ಹತ್ತಿರ ಮಣ್ಣಿನ ದುಡ್ಡು, ಎರಡೂ ಸಿಕ್ಕರೆ ಕಂತು ಹೊರಳುತ್ತದೆ. ಆ ಎರಡು ಪಟ್ಟಿ ಕೈಯಲ್ಲಿ ಬರುವವರೆಗೆ ಸಾದಾ ಹೈಡ್ರಾಲಿಕ್ ಟ್ರೇಲರು ಬಾಡಿಗೆಗೆ ಹಿಡಿದು ಒಂದು ಬೇಸಗೆ ನಡೆಸಿ ನೋಡು ಅಂದೆ. ಮನೆ ಕೆಡವುವ ಹಂಗಾಮು ಹೇಗೂ ಬೇಸಗೆಯೇ.